ಹಗ್ಗ ಕಟ್ಟುವ ಮುನ್ನ

ಪ್ರಶ್ನೆ: ನಮ್ಮ ಊರು ಮದ್ದೂರಿಗೂ ಮಂಡ್ಯಕ್ಕೂ ನಡುವೆ, ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲೇ ಇದೆ. ನಾವು ಆರು ಮಂದಿ ಚಾಲಕರು. ಇಬ್ಬರ ಬಳಿ ಪಿಕಪ್ ಇದೆ, ಒಬ್ಬರ ಬಳಿ ಟ್ರ್ಯಾಕ್ಟರ್. ಅಪಘಾತಕ್ಕೀಡಾದ ವಾಹನಗಳನ್ನು ಹಣ ಪಡೆಯದೆ ಗ್ಯಾರೇಜಿಗೆ ಎಳೆದು ತಲುಪಿಸೋಣ ಎಂದು ಮಾತಾಡಿಕೊಂಡಿದ್ದೇವೆ. ಇದರಿಂದ ಠಾಣೆ, ಕೋರ್ಟು ಎಂದು ಅಲೆಯಬೇಕಾಗುತ್ತದೆಯೇ?

ಉತ್ತರ: ನಿಮ್ಮಂಥವರು ಹೆದ್ದಾರಿಯುದ್ದಕ್ಕೂ ಊರೂರಿನಲ್ಲಿ ಇರಲಿ ಎಂದು ಮನಸಾರೆ ಬಯಸುತ್ತೇನೆ. ಆದರೆ ವಿಮಾ ಸರ್ವೇಯರ್ ಆಗಿ ಜಖಂಗೊಂಡ ವಾಹನಗಳನ್ನೇ ನೋಡುತ್ತ ಬಂದ ನಾನು ಒಂದು ಮಾತನ್ನು ಮೊದಲೇ ಹೇಳಬೇಕು. ವಾಹನ ಎಳೆಯುವುದು ನಿಮ್ಮ ಕೊನೆಯ ಕೆಲಸವಾಗಲಿ.

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಂ, ಗಾಯಾಳುವಿಗೆ ಒಳ್ಳೆಯ ಉದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಅಂಥವರು ತಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಆದರೆ ಆ ರಕ್ಷಣೆ ಇರುವುದು ಮನುಷ್ಯರಿಗೆ ಮಾಡುವ ನೆರವಿಗೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ನಂತರ ನಜ್ಜುಗುಜ್ಜಾದ ಕಾರನ್ನು ನಿಮ್ಮಷ್ಟಕ್ಕೆ ನೀವೇ ಎಳೆದೊಯ್ದರೆ ಆ ಕಾಯ್ದೆಯನ್ನು ನೆಚ್ಚಿಕೊಳ್ಳಬೇಡಿ.

ಯಾರಿಗಾದರೂ ಪೆಟ್ಟಾಗಿದ್ದರೆ ಅಥವಾ ಜೀವ ಹೋಗಿದ್ದರೆ ಆ ವಾಹನವೇ ಸಾಕ್ಷ್ಯ. ಅದು ಎಲ್ಲಿ ನಿಂತಿತ್ತು, ಗಾಜಿನ ಚೂರು ಎತ್ತ ಚೆಲ್ಲಿತ್ತು, ಟೈರಿನ ಗುರುತು ಎಷ್ಟು ದೂರ ಎಳೆದಿತ್ತು ಎಂಬುದನ್ನು ನೋಡಿಯೇ ಪೊಲೀಸರು ಸ್ಥಳ ಮಹಜರು ಬರೆಯುತ್ತಾರೆ. ಆಮೇಲೆ ಮೋಟಾರು ವಾಹನ ನಿರೀಕ್ಷಕರು ಬ್ರೇಕ್, ಸ್ಟಿಯರಿಂಗ್ ಪರೀಕ್ಷಿಸಿ ವರದಿ ಕೊಡುತ್ತಾರೆ. ಮನೆಯ ದುಡಿಯುವ ಜೀವವನ್ನು ಕಳೆದುಕೊಂಡ ಕುಟುಂಬ ಪರಿಹಾರ ಕೇಳಲು ಹೋದಾಗ ಆಧಾರವಾಗುವ ಕಾಗದಗಳು ಇವು. ದಾರಿ ಬಿಡಿಸುವ ಆತುರದಲ್ಲಿ ಆ ಕುಟುಂಬಕ್ಕೆ ಅನ್ಯಾಯವಾಗಬಾರದು. ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದರೆ ಅಥವಾ ಬೆಂಕಿಯ ಭಯವಿದ್ದರೆ ಮಾತ್ರ ಕಾಯಬೇಡಿ. ಆಗಲೂ ಒಬ್ಬರು ನಾಲ್ಕೂ ಕಡೆಯಿಂದ ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಲಿ. ಉಳಿದಂತೆ 112ಕ್ಕೆ ಕರೆ ಮಾಡಿ, ಸ್ಥಳಕ್ಕೆ ಬಂದ ಪೊಲೀಸ್ ಅಧಿಕಾರಿ ಒಪ್ಪಿದ ಮೇಲೆ ವಾಹನವನ್ನು ಮುಟ್ಟಿ.

ಟ್ರ್ಯಾಕ್ಟರ್ ವಿಚಾರ. 2023ರ ಆಗಸ್ಟ್ 1ರಿಂದ ಈ ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕ್, ಆಟೊಗಳ ಜೊತೆಗೆ ಟ್ರ್ಯಾಕ್ಟರ್‌ಗೂ ಪ್ರವೇಶವಿಲ್ಲ. ಹಗ್ಗ ಕಟ್ಟಿ ಎಳೆಯುವುದಕ್ಕೂ ನಿಯಮಗಳಿವೆ. ಎರಡು ವಾಹನಗಳ ನಡುವಿನ ಅಂತರ ಐದು ಮೀಟರ್ ದಾಟಬಾರದು, ವೇಗ ಗಂಟೆಗೆ 25 ಕಿ.ಮೀ. ಮೀರಬಾರದು, ಎಳೆಸಿಕೊಳ್ಳುವ ವಾಹನದ ಸ್ಟಿಯರಿಂಗ್ ಹಿಡಿದು ಪರವಾನಗಿ ಇರುವವರು ಕೂತಿರಬೇಕು. ಹಿಂದಿನಿಂದ ನೂರರ ವೇಗದಲ್ಲಿ ಕಾರುಗಳು ಬರುವ ಪಥದಲ್ಲಿ ಹೀಗೆ ತೆವಳುವುದೆಂದರೆ ಎರಡನೆಯ ಅಪಘಾತಕ್ಕೆ ದಾರಿ ಮಾಡಿಕೊಟ್ಟಂತೆ. ಅಲ್ಲಿ 1033ಕ್ಕೆ ಕರೆ ಮಾಡಿ, ಹೆದ್ದಾರಿಯವರ ಕ್ರೇನ್ ಬರಲಿ. ನಿಮ್ಮ ಹಗ್ಗ ಸರ್ವೀಸ್ ರಸ್ತೆಗೆ, ಊರಿನ ರಸ್ತೆಗೆ ಇರಲಿ.

ಹಾಗಾದರೆ ಕ್ರೇನ್ ಬರುವವರೆಗೆ ಮಾಡುವುದೇನು? ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಅದೇ, ಹಿಂದೆ ಬರುವವರನ್ನು ಎಚ್ಚರಿಸುವುದು. ಇಬ್ಬರು ಮಿಂಚುವ ಜಾಕೆಟ್ ತೊಟ್ಟು, ತಡೆಬೇಲಿಯ ಆಚೆಯೇ ನಡೆದು, ಸಾಕಷ್ಟು ಹಿಂದಕ್ಕೆ ಹೋಗಿ ಟಾರ್ಚ್ ಬೀಸಲಿ. ಕೆಟ್ಟು ನಿಂತ ವಾಹನದ ಹಿಂದೆ ಗುಂಪು ಕಟ್ಟಿ ನಿಲ್ಲಲು ಯಾರನ್ನೂ ಬಿಡಬೇಡಿ. ಆಲೆಮನೆಗೋ ಕಾರ್ಖಾನೆಗೋ ಹೊರಟ ಕಬ್ಬಿನ ಟ್ರೇಲರ್ ರಾತ್ರಿ ಮಗುಚಿದರಂತೂ ಅದಕ್ಕೆ ಹಿಂದೀಪವೇ ಇರುವುದಿಲ್ಲ. ಅಲ್ಲಿ ನಿಮ್ಮ ಟಾರ್ಚ್ ಒಂದೇ ಬೆಳಕು.

ಎಳೆಯುವ ಸಂದರ್ಭ ಬಂದೇ ಬಂದರೆ, ಕಾರಿನ ಜೊತೆ ಬರುವ ಕೊಕ್ಕೆಗೇ ಹಗ್ಗ ಹಾಕಿ. ಒಮ್ಮೆ ನನ್ನ ಮುಂದೆ ಬಂದ ಕಾರಿಗೆ ಅಪಘಾತದಲ್ಲಿ ಜಖಂ ಆಗಿದ್ದದ್ದು ಬಂಪರ್ ಮತ್ತು ದೀಪ ಮಾತ್ರ. ನೆರವಿಗೆ ಬಂದವರು ಚಕ್ರದ ಬಳಿಯ ಕಬ್ಬಿಣಕ್ಕೆ ಸರಪಳಿ ಬಿಗಿದು ಹಳ್ಳದಿಂದ ಎಳೆದಿದ್ದರಿಂದ ಅದರ ಅಡಿಭಾಗವೇ ಸೊಟ್ಟಗಾಗಿತ್ತು. ಯಾವ ನಷ್ಟ ಯಾವುದರಿಂದ ಆಯಿತು ಎಂದು ಬಿಡಿಸಿ ಬರೆಯಲು ನಾನು ಬಹಳ ಪಾಡುಪಟ್ಟೆ. ಮಾಲೀಕರಿಗೆ ಪೂರ್ತಿ ಹಣ ಸಿಗಲಿಲ್ಲ. ನೆರವಾದವರ ಮನಸ್ಸು ಒಳ್ಳೆಯದೇ ಇತ್ತು, ಅದು ನನಗೆ ಇಂದಿಗೂ ನೋವು. ಆಟೊಮ್ಯಾಟಿಕ್ ಗೇರ್ ಇರುವ ಕಾರನ್ನೂ ವಿದ್ಯುತ್ ಕಾರನ್ನೂ ಚಕ್ರ ಉರುಳಿಸಿ ಎಳೆಯಲೇಬೇಡಿ. ಅವನ್ನು ಚಪ್ಪಟೆ ಹಾಸಿನ ಲಾರಿಯ ಮೇಲೆಯೇ ಸಾಗಿಸಬೇಕು.

ಪ್ರಶ್ನೆ: ವಾಹನ ಎಳೆಸಿಕೊಂಡವರಿಂದ ಡೀಸೆಲ್ ಖರ್ಚು ಪಡೆಯಬಹುದೇ? (ಮೈಸೂರಿನ ಓದುಗರು)

ಉತ್ತರ: ಬೇಡ. ಬಿಳಿ ಫಲಕದ ವಾಹನವನ್ನು ಬಾಡಿಗೆಗೆ ಬಳಸಿದಿರಿ ಎಂಬ ಮಾತು ಬಂದರೆ ನಿಮ್ಮದೇ ವಿಮೆಗೆ ಕುತ್ತು.

ಪ್ರಶ್ನೆ: ಪಾಂಡವಪುರದ ಕಡೆ ನಾಲೆಗೆ ಕಾರು ಬಿದ್ದರೆ ಮೊದಲು ಟ್ರ್ಯಾಕ್ಟರ್ ತರಿಸಬೇಕೇ?

ಉತ್ತರ: 2018ರ ನವೆಂಬರ್ 24ರಂದು ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಜೀವ ಕಳೆದುಕೊಂಡದ್ದನ್ನು ನಿಮ್ಮ ಸೀಮೆಯವರು ಮರೆತಿರಲಾರರು. ಟ್ರ್ಯಾಕ್ಟರ್ ಬರುವಷ್ಟು ಹೊತ್ತು ನೀರು ಕೊಡುವುದಿಲ್ಲ. 112ಕ್ಕೆ ಕರೆ ಹೋಗುತ್ತಿರುವಾಗಲೇ, ಈಜು ಬಲ್ಲವರು ಸೊಂಟಕ್ಕೆ ಹಗ್ಗ ಬಿಗಿದು, ದಡದಲ್ಲಿ ನಾಲ್ಕು ಜನ ಅದನ್ನು ಹಿಡಿದಿರುವಂತೆ ಮಾಡಿಕೊಂಡು ಇಳಿಯಲಿ. ಕೈಯಲ್ಲಿ ಸುತ್ತಿಗೆ ಇರಲಿ. ಮುಂಗಾಜು ಪದರದ್ದು, ಬೇಗ ಒಡೆಯದು; ಪಕ್ಕದ ಬಾಗಿಲಿನ ಗಾಜಿನ ಮೂಲೆಗೆ ಹೊಡೆಯಿರಿ. ಜನರೆಲ್ಲ ಹೊರಬಂದ ಮೇಲೆ ಕಾರನ್ನು ಎತ್ತುವುದು ಕ್ರೇನ್‌ನ ಕೆಲಸ. ಎತ್ತಿದ ಬಳಿಕ ಎಂಜಿನ್ ಸ್ಟಾರ್ಟ್ ಮಾಡಿ ನೋಡಲು ಯಾರಿಗೂ ಬಿಡಬೇಡಿ. ಒಳಗೆ ನೀರು ನಿಂತಿರುವಾಗ ಕೀಲಿ ತಿರುಗಿಸಿದರೆ ಎಂಜಿನ್ನೇ ಮುರಿಯುತ್ತದೆ.