ಭುಜಕವಚ ಜಾರುತ್ತಿದ್ದರೆ
ಕೈ ಎತ್ತಿದರೆ ವೇಷಕ್ಕೆ ಮಾಡಿದ ಫೋಮ್ ಭುಜಕವಚ ಕುತ್ತಿಗೆಗೆ ಒತ್ತುತ್ತದೆ, ಇಳಿಸಿದರೆ ತೋಳಿಗೆ ಜಾರುತ್ತದೆ ಅಂದಿದ್ದೀರಿ. ತೋಳಿನ ಪಟ್ಟಿ ಇನ್ನಷ್ಟು ಬಿಗಿ ಮಾಡಿ ಪ್ರಯೋಜನವಿಲ್ಲ. ಭಾರವೆಲ್ಲ ತೋಳಿನ ಮೇಲೆ ಬಿದ್ದಿರುವುದೇ ತೊಂದರೆ. ಕವಚದ ಕುತ್ತಿಗೆ ಕಡೆಯ ಅಂಚನ್ನು ಎದೆಕವಚದ ಹೆಗಲಪಟ್ಟಿಗೆ ನೇತುಹಾಕಿ. ಅಲ್ಲಿ ಹಿಗ್ಗದ ನೈಲಾನ್ ಪಟ್ಟಿ, ಸ್ಕೂಲ್ ಬ್ಯಾಗಿಗೆ ಇರುವಂಥ ಪ್ಲಾಸ್ಟಿಕ್ ಬಕಲ್ ಸಾಕು. ತೋಳಿನ ಸುತ್ತ ಮಾತ್ರ ಅಗಲದ ಇಲಾಸ್ಟಿಕ್, ಅದೂ ಎರಡು ಬೆರಳು ತೂರುವಷ್ಟು ಸಡಿಲವಾಗಿ.

ಪಟ್ಟಿಯ ತುದಿಯನ್ನಷ್ಟೇ ಅಂಟಿಸಿದರೆ ಫೋಮ್ ಸಮೇತ ಕಿತ್ತು ಬರುತ್ತದೆ. ಮೂರು ಇಂಚಾದರೂ ಕವಚದ ಒಳಗೆ ಚಾಚಿ, ಪಟ್ಟಿ, ಫೋಮ್ ಎರಡಕ್ಕೂ ಫೆವಿಬಾಂಡ್ (ರಬ್ಬರ್ ಅಂಟು) ಸವರಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಮೇಲೊಂದು ಫೋಮ್ ತುಂಡು ಹೊದಿಸಿ. ಕಾಯಿಸಿ ಕರಗಿಸಿ ಹಚ್ಚುವ ಹಾಟ್ ಗ್ಲೂ ಬೇಡ. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗಿಟ್ಟರೆ ಮೆತ್ತಗಾಗಿಬಿಡುತ್ತೆ! ಅಂದಹಾಗೆ, ಅಳತೆ ನೋಡುವಾಗ ಒಳಗಿನ ಅಂಗಿ ಹಾಕಿಕೊಂಡೇ ನೋಡಿ.