‘ಪರವಾಗಿಲ್ಲ’ ಅಂದಿದ್ದೇ ಫೈಲಿಗೆ ಹೋಯಿತು

ಹೆಸರು ಮತ್ತು ಒಂದೆರಡು ವಿವರ ಬದಲಿಸಿದ್ದೇನೆ. ಬರೆಯೋಕೆ ಆಕೆಯೇ ಒಪ್ಪಿದ್ದಾರೆ. ಸುಮಾ ಅಂತ ಕರೆಯೋಣ.

ಸುಮಾಗೆ 41 ವರ್ಷ. ಮೈಸೂರು ಕಡೆಯವರು, ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಂಡ, ಮಗಳ ಜೊತೆ ಇದ್ದಾರೆ. ಏಳು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳು ಊದಿ, ಬಿಗಿದು ನೋಯುವ ಖಾಯಿಲೆ. ಎರಡು ವಾರಕ್ಕೊಮ್ಮೆ ಅಡಾಲಿಮುಮ್ಯಾಬ್ ಇಂಜೆಕ್ಷನ್ ತಗೊಂಡರೆ ಅಡುಗೆ, ಮಗಳ ಜಡೆ, ಕಾರು ಓಡಿಸೋದು ಎಲ್ಲ ನಡೆಯುತ್ತೆ. ತಪ್ಪಿದರೆ ಬಾಟಲಿ ಮುಚ್ಚಳ ತೆಗೆಯೋಕೂ ಇನ್ನೊಬ್ಬರು ಬೇಕು.

ಗಂಡ ಕೆಲಸ ಬದಲಿಸಿದರು, ಅದರ ಜೊತೆ ಇನ್ಶೂರೆನ್ಸೂ ಬದಲಾಯಿತು. ಹಳೆ ಕಂಪನಿ ಒಪ್ಪಿದ್ದ ಔಷಧಿಗೆ ಹೊಸ ಕಂಪನಿ ಮೊದಲಿಂದ ಅನುಮತಿ ಕೇಳಿತು. ಡಾಕ್ಟರ್ ಆಫೀಸು ‘ನಾವು ಕಳಿಸಿದ್ದೇವೆ’ ಅನ್ನುತ್ತೆ, ಕಂಪನಿ ‘ಬಂದಿಲ್ಲ’ ಅನ್ನುತ್ತೆ, ಔಷಧಿ ಅಂಗಡಿ ಇಬ್ಬರನ್ನೂ ತೋರಿಸುತ್ತೆ. ಪ್ರತಿ ಸಲ ಮುಕ್ಕಾಲು ಗಂಟೆ ಸಂಗೀತ ಕೇಳಿ, ಹೊಸ ದನಿಗೆ ಹುಟ್ಟಿದ ತಾರೀಖಿನಿಂದ ಶುರು ಮಾಡಿ ಕಥೆ ಒಪ್ಪಿಸಬೇಕು. ಆರು ವಾರ ಇಂಜೆಕ್ಷನ್ ಇಲ್ಲ. ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದಾಗ ಆಕೆ ಫೋನ್ ಮಾಡೋದನ್ನೇ ಬಿಟ್ಟಿದ್ದರು.

‘ಮೇಡಂ, ಅಳು ಬರಲ್ಲ, ಕೋಪಾನೂ ಬರಲ್ಲ. ಫೋನ್ ನೋಡಿದರೆ ಹೊಟ್ಟೆ ಕಿವುಚುತ್ತೆ ಅಷ್ಟೇ’ ಅಂದರು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಎರಡು ಭೇಟಿ ನಾನು ಆ ಹೊಟ್ಟೆ ಕಿವುಚೋದರ ಹಿಂದೆಯೇ ಬಿದ್ದೆ. ಉಸಿರಾಟ, ನಿದ್ದೆ, ಅತ್ತೆ ಮನೆ, ಬಾಲ್ಯ. ಆಕೆ ಪಾಪ ಎಲ್ಲದಕ್ಕೂ ಉತ್ತರ ಕೊಟ್ಟರು. ಮೂರನೇ ಸಲ ಹೊರಡುವಾಗ ಬಾಗಿಲ ಹಿಡಿ ತಿರುಗಿಸೋಕಾಗದೆ ಮೊಣಕೈಯಿಂದ ಒತ್ತಿದರು. ಆಗ ಹೊಳೆಯಿತು. ಈಕೆಗೆ ಮೊದಲು ಬೇಕಿರೋದು ಔಷಧಿ, ನನ್ನ ಪ್ರಶ್ನೆಗಳಲ್ಲ. ಮತ್ತೆ ಕೂರಿಸಿ, ‘ಕಂಪನಿಯಿಂದ ಯಾರಾದರೂ ತಾವಾಗಿ ಫೋನ್ ಮಾಡಿದ್ದರಾ?’ ಅಂತ ಕೇಳಿದೆ.

ಮಾಡಿದ್ದರಂತೆ. ಕೇಸ್ ಮ್ಯಾನೇಜರ್ ಅಂತ ಒಬ್ಬ ನರ್ಸ್ ಎರಡು ಸಲ ವಾಯ್ಸ್‌ಮೇಲ್ ಬಿಟ್ಟಿದ್ದಾರೆ, ಸುಮಾ ಎರಡನ್ನೂ ಅಳಿಸಿದ್ದಾರೆ. ಒಂದನೇದು, ಮೋಸದ ಕರೆ ಇರಬಹುದು ಅಂತ. ಎರಡನೇದು, ‘ಖಾಯಿಲೆ ಎಷ್ಟು ಅಂತ ತಿಳ್ಕೊಂಡು ಪ್ರೀಮಿಯಂ ಜಾಸ್ತಿ ಮಾಡ್ತಾರೆ, ಇಲ್ಲ ಇವರ ಕೆಲಸಕ್ಕೇ ಸಂಚಕಾರ ಬರುತ್ತೆ’ ಅಂತ.

ಭಯ ಸುಮ್ನೆ ಬರಲ್ಲ. ನಮ್ಮೂರಲ್ಲಿ ಇನ್ಶೂರೆನ್ಸ್‌ನವರ ಮುಂದೆ ಇದ್ದ ಖಾಯಿಲೆಯನ್ನೂ ಬಾಯಿಬಿಡಬಾರದು ಅಂತ ಕೇಳಿಕೊಂಡೇ ಬೆಳೆದವರು ನಾವು. ಆದರೆ ಅಮೆರಿಕದಲ್ಲಿ 2014ರಿಂದ ಹಳೆ ಖಾಯಿಲೆ ಇದೆ ಅಂತ ಸಾಮಾನ್ಯ ಆರೋಗ್ಯ ಇನ್ಶೂರೆನ್ಸ್ ಕೊಡದೆ ಇರುವ ಹಾಗಿಲ್ಲ. ಕಂಪನಿ ಕೆಲಸದ ಗುಂಪು ಇನ್ಶೂರೆನ್ಸಿನಲ್ಲಿ ಒಬ್ಬರ ಖಾಯಿಲೆ ನೋಡಿ ಅವರ ಪ್ರೀಮಿಯಂ ಏರಿಸುವ ಹಾಗೂ ಇಲ್ಲ. ಕೇಸ್ ಮ್ಯಾನೇಜರ್ ಸೇವೆಗೆ ದುಡ್ಡಿಲ್ಲ, ಬೇಡ ಅನಿಸಿದ ದಿನ ಬಿಡಬಹುದು. ಮೋಸದ ಅನುಮಾನವಿದ್ದರೆ ವಾಯ್ಸ್‌ಮೇಲ್‌ನಲ್ಲಿ ಬಂದ ನಂಬರಿಗೆ ಮಾಡಬೇಡಿ, ಇನ್ಶೂರೆನ್ಸ್ ಕಾರ್ಡಿನ ಹಿಂದಿರುವ ನಂಬರಿಗೆ ಮಾಡಿ ಕೇಸ್ ಮ್ಯಾನೇಜ್‌ಮೆಂಟ್ ಕೇಳಿ ಅಂದೆ.

ಇನ್ನೊಂದನ್ನೂ ಹೇಳಿದೆ, ಇದು ನನ್ನ ಅಭಿಪ್ರಾಯ. ಆ ನರ್ಸ್ ಶತ್ರು ಅಲ್ಲ, ಗೆಳತಿಯೂ ಅಲ್ಲ. ಸಂಬಳ ಕೊಡೋದು ಕಂಪನಿ. ಔಷಧಿಗೆ ಹೂಂ ಅನ್ನುವ ಅಧಿಕಾರ ಸಾಮಾನ್ಯವಾಗಿ ಅವರಿಗಿರಲ್ಲ. ಆದರೆ ಕಾಗದ ಎಲ್ಲಿ ಸಿಕ್ಕಿಕೊಂಡಿದೆ ಅಂತ ಒಳಗಿಂದ ನೋಡಬಲ್ಲವರು ಅವರು. ಹಾಗಾಗಿ ಅವರಿಗೆ ಖಾಯಿಲೆಯ ವಿಷಯ ಹೇಳಿ, ಮನಸ್ಸಿನ ವಿಷಯ ಇಲ್ಲಿಗೆ ತನ್ನಿ.

ಫೋನ್ ನನ್ನ ಕೋಣೆಯಿಂದಲೇ ಮಾಡಿದೆವು. ಸ್ಪೀಕರ್ ಹಾಕಿ, ಪಕ್ಕದಲ್ಲಿ ನಾನಿದ್ದೇನೆ ಅಂತ ಮೊದಲೇ ತಿಳಿಸಿದೆವು. ನರ್ಸ್ ‘ಹೇಗಿದ್ದೀರಿ?’ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಸುಮಾ ತಕ್ಷಣ ಫೈನ್ ಅಂದರು! ನಾನು ಹಣೆ ಚಚ್ಚಿಕೊಂಡೆ.

ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ‘ಪರವಾಗಿಲ್ಲ’ ಕುಂಕುಮದಷ್ಟೇ ಖಾಯಂ, ಅಲ್ವಾ? ನೆಂಟರಿಗೆ, ನೆರೆಯವರಿಗೆ ಅದು ಸರಿ. ಆದರೆ ಇನ್ಶೂರೆನ್ಸ್‌ನವರು ನೀವು ಅಂದಿದ್ದನ್ನು ಬರೆದುಕೊಳ್ಳುತ್ತಾರೆ. ಆಮೇಲೆ ನೋಡಿದರೆ, ಸುಮಾ ತಾವೇ ಕಂಪನಿಗೆ ಹಿಂದೆ ಮಾಡಿದ್ದ ಎರಡು ಕರೆಗಳ ಟಿಪ್ಪಣಿಯಲ್ಲೂ ರೋಗಿ ಚೆನ್ನಾಗಿದ್ದಾರೆ ಅಂತಲೇ ಇತ್ತು. ಆರು ವಾರದಿಂದ ಔಷಧಿ ಇಲ್ಲದವರು ಚೆನ್ನಾಗಿದ್ದಾರೆ ಅಂದಮೇಲೆ ಯಾರು ಯಾಕೆ ಅವಸರ ಮಾಡುತ್ತಾರೆ?

ನಾನು ಚೀಟಿಯಲ್ಲಿ ಬರೆದು ತಳ್ಳಿದೆ: ಇವತ್ತು ಬೆಳಿಗ್ಗೆ ಏನಾಯ್ತು, ಅದನ್ನೇ ಹೇಳಿ. ಸ್ವಲ್ಪ ತಡವರಿಸಿ ಸುಮಾ ಹೇಳಿದರು. ಎದ್ದಮೇಲೆ ಎರಡು ಗಂಟೆ ಬೆರಳು ಮಡಚೋಕೆ ಬರಲ್ಲ. ದೋಸೆ ಹಿಟ್ಟಿನ ಪಾತ್ರೆಯನ್ನು ಹತ್ತು ವರ್ಷದ ಮಗಳು ಎತ್ತಿ ಕೊಡುತ್ತಾಳೆ. ಈ ತಿಂಗಳು ಎರಡು ಸಲ ಮೆಟ್ಟಿಲಲ್ಲಿ ಕೂತುಬಿಟ್ಟಿದ್ದಾರೆ. ‘ತುಂಬಾ ನೋವು’ ಅನ್ನೋದಕ್ಕಿಂತ ಇದಕ್ಕೆ ತೂಕ ಜಾಸ್ತಿ. ಬೆಳಗಿನ ಬಿಗಿತ ಎಷ್ಟು ಹೊತ್ತು ಅನ್ನೋದು ಈ ಖಾಯಿಲೆಯಲ್ಲಿ ಡಾಕ್ಟರೂ ಕೇಳುವ ಪ್ರಶ್ನೆ. (ಇಂಗ್ಲಿಷಿನಲ್ಲಿ ನೋವು ಹೇಳೋಕೆ ಬರದಿದ್ದರೆ ದುಭಾಷಿ ಬೇಕು ಅಂತ ಕೇಳಿ. ಕಂಪನಿಗಳು ಫೋನಿನಲ್ಲೇ ಬಿಟ್ಟಿಯಾಗಿ ಕೊಡುತ್ತವೆ, ಕನ್ನಡಕ್ಕೂ ಸಾಮಾನ್ಯವಾಗಿ ಸಿಗುತ್ತಾರೆ. ‘ಸಂಕಟ’ಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗಂತೂ ಇನ್ನೂ ಸಿಕ್ಕಿಲ್ಲ.)

ಆಮೇಲೆ ಮುಖ್ಯ ಪ್ರಶ್ನೆ: ‘ನನ್ನ ಫೈಲಿನಲ್ಲಿ ಏನು ಕಡಿಮೆ ಇದೆ?’ ಒಂದೇ ಒಂದು ಕಾಗದ. ಅಗ್ಗದ ಮಾತ್ರೆ ಮೆಥೊಟ್ರೆಕ್ಸೇಟ್ ಮೊದಲು ತಗೊಂಡು, ಅದು ಆಗಿಬರಲಿಲ್ಲ ಅನ್ನೋದಕ್ಕೆ ದಾಖಲೆ. ಸುಮಾ ಅದನ್ನು ತಗೊಂಡಿದ್ದರು, ಲಿವರ್ ಪರೀಕ್ಷೆ ಏರುಪೇರಾಗಿ ಬಿಟ್ಟಿದ್ದರು. ಆದರೆ ಅದೆಲ್ಲ ಮೈಸೂರಿನಲ್ಲಿ! ಆ ಚೀಟಿಗಳು ಅಮ್ಮನ ಬೀರುವಿನಲ್ಲಿ, ಸೀರೆಗಳ ಕೆಳಗೆ ಇದ್ದವು. ಆವತ್ತು ರಾತ್ರಿಯೇ ಸುಮಾ ಅವರ ತಮ್ಮ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ. ಡಾಕ್ಟರ್ ಆಫೀಸು ಅದನ್ನು ಸೇರಿಸಿ ಮತ್ತೆ ಅರ್ಜಿ ಹಾಕಿತು.

ಕಾಯುವ ಹೊತ್ತಿಗೆ ನಾನು ಕೊಟ್ಟ ಕೆಲಸ ಇಷ್ಟೇ. ಒಂದು ನೋಟ್‌ಬುಕ್. ಯಾವ ದಿನ, ಯಾರ ಜೊತೆ, ಏನು ಮಾತು, ಕರೆಯ ರೆಫರೆನ್ಸ್ ನಂಬರ್, ಮುಂದೆ ಯಾವತ್ತು ಫೋನ್. ನರ್ಸ್‌ನ ನೇರ ನಂಬರ್ ಮೊದಲ ಪುಟದಲ್ಲಿ. ವಾರಕ್ಕೆ ಎರಡೇ ಕರೆ, ಮಂಗಳವಾರ ಆಕೆ, ಶುಕ್ರವಾರ ಗಂಡ. ಗಂಡ ಮಾತಾಡಲಿ ಅಂತ ಕಂಪನಿಗೆ ಬರಹದಲ್ಲಿ ಒಪ್ಪಿಗೆ ಕೊಡಿಸಿದೆ, ಇಲ್ಲದಿದ್ದರೆ ಹೆಂಡತಿಯ ಖಾಯಿಲೆ ಬಗ್ಗೆ ಗಂಡನ ಹತ್ತಿರ ಅವರು ಬಾಯಿ ಬಿಡುವುದಿಲ್ಲ. ಗಂಡನಿಗೂ ಒಂದು ಮಾತು ಹೇಳಿದೆ, ‘ಸಹಾಯ ಮಾಡ್ತೀನಿ ಅಂದ್ರೆ ಸಾಲದು ಸರ್, ಯಾವ ದಿನ ಅಂತ ಹೇಳಿ.’

ಆಗಲ್ಲ ಅಂತ ಪತ್ರ ಬಂದರೆ ಏನು ಮಾಡಬೇಕು ಅಂತಲೂ ಬರೆಸಿದೆ. 180 ದಿನದೊಳಗೆ ಕಂಪನಿಯಲ್ಲೇ ಮೇಲ್ಮನವಿ. ತುರ್ತು ಅಂತ ಡಾಕ್ಟರ್ ಹೇಳಿದರೆ 72 ಗಂಟೆಯೊಳಗೆ ಉತ್ತರ ಕೊಡಬೇಕು. ಅಲ್ಲೂ ಇಲ್ಲ ಅಂದರೆ 4 ತಿಂಗಳೊಳಗೆ ಹೊರಗಿನವರ ಪರಿಶೀಲನೆ ಕೇಳಬಹುದು, ಅವರ ತೀರ್ಮಾನವನ್ನು ಕಂಪನಿ ಒಪ್ಪಲೇಬೇಕು. ಇದನ್ನೆಲ್ಲ ಕೇಸ್ ಮ್ಯಾನೇಜರ್ ತಾವಾಗಿ ಹೇಳುತ್ತಾರೆ ಅಂತ ಕಾಯಬೇಡಿ.

ಅದರ ಅಗತ್ಯ ಬೀಳಲಿಲ್ಲ. ಹನ್ನೊಂದನೇ ದಿನ ಅನುಮತಿ ಬಂತು. ಹೊಟ್ಟೆ ಕಿವುಚೋದು ಮಾತ್ರ ತಕ್ಷಣ ನಿಲ್ಲಲಿಲ್ಲ, ಆ ಕೆಲಸ ಆಮೇಲೆ ಶುರು ಮಾಡಿದೆವು.

ಮೂರು ತಿಂಗಳಿಗೆ ಆ ನರ್ಸ್ ಕೆಲಸ ಬಿಟ್ಟರು. ಹೊಸಬರು ಫೋನ್ ಮಾಡಿ ಮೊದಲಿಂದ ಹೇಳಿ ಅಂದರಂತೆ. ‘ಬೇಜಾರಾಯ್ತಾ?’ ಅಂದೆ. ‘ಆಯ್ತು ಮೇಡಂ. ನೋಟ್‌ಬುಕ್ ತೆಗೆದು ಓದಿದೆ. ನಾಲ್ಕು ನಿಮಿಷ ಹಿಡೀತು’ ಅಂದರು.