ವ್ಯಾಪಾರ ಚೆನ್ನಾಗಿದೆ, ಅದಕ್ಕೇ ನಮ್ಮ ಚರ್ಚಿನ ಸಭೆಯ ಖಜಾಂಚಿ ಆಗು ಅಂತಿದ್ದಾರೆ. ಒಪ್ಪಿಕೊಳ್ಳಲಾ?

ಬೇಡ ಬ್ರದರ್. ಒಪ್ಪಿಕೊಳ್ಳಲೇಬೇಕು ಅನ್ನುವ ಹಾಗಿದ್ದರೆ ಒಂದು ಷರತ್ತು ಹಾಕಿ ಒಪ್ಪಿಕೊಳ್ಳಿ. ಅದನ್ನು ಆಮೇಲೆ ಹೇಳುತ್ತೇನೆ.

"ದೇವರು ನಿನಗೆ ಕೊಟ್ಟಿದ್ದಾನೆ, ಯಾರಿಗೆ ಜಾಸ್ತಿ ಕೊಟ್ಟಿದ್ದಾನೋ ಅವನಿಂದ ಜಾಸ್ತಿ ಕೇಳ್ತಾನೆ, ದುಡ್ಡಿರೋನಿಗೆ ಕಾಣಿಕೆ ದುಡ್ಡಿನ ಆಸೆ ಇರಲ್ಲ" ಅಂತ ಹಿರಿಯರು ಹೇಳಿದರು ಅಂತ ಬರೆದಿದ್ದೀರಲ್ಲ, ಇದೇ ಮಾತನ್ನು ನನಗೂ ಹೇಳಿದ್ದರು. ನಾನು ಉಬ್ಬಿಹೋಗಿದ್ದೆ.

ನನ್ನದು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಜಗಳೂರು, ಚನ್ನಗಿರಿ, ಹರಪನಹಳ್ಳಿ ಕಡೆ ರೈತರಿಂದ ಮಾಲು ತೆಗೆದುಕೊಂಡು ತಮಿಳುನಾಡಿನ ಕೋಳಿ ಫೀಡ್ ಕಂಪನಿಗಳಿಗೆ ಲಾರಿ ಕಳಿಸುತ್ತೇನೆ. ಈ ವ್ಯಾಪಾರದಲ್ಲಿ ರೈತನಿಗೆ ಇವತ್ತೇ ದುಡ್ಡು ಕೊಡಬೇಕು, ಕಂಪನಿಯವರು ಹದಿನೈದು ದಿನ, ಕೆಲವೊಮ್ಮೆ ತಿಂಗಳು ಬಿಟ್ಟು ಹಾಕುತ್ತಾರೆ. ಹಾಗಾಗಿ ನನ್ನ ಕರೆಂಟ್ ಅಕೌಂಟಿನಲ್ಲಿ ಬೆಳಿಗ್ಗೆ ಎಂಟು ಲಕ್ಷ ಇದ್ದರೆ ಸಂಜೆ ಎಂಟು ಸಾವಿರ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ಖಜಾಂಚಿಯಾಗಿ ಮೊದಲ ವರ್ಷ ಚೆನ್ನಾಗೇ ನಡೆಯಿತು. ಭಾನುವಾರದ ಕಾಣಿಕೆ, ಸ್ತೋತ್ರ ಕಾಣಿಕೆ, ಸುಗ್ಗಿ ಹಬ್ಬಕ್ಕೆ ಕಾಣಿಕೆ ಬಂದ ಬೆಳೆಯ ಹರಾಜು ಎಲ್ಲಕ್ಕೂ ಲೆಕ್ಕ ಬರೆದೆ. ಹರಾಜಿನಲ್ಲಿ ಒಂದು ಕುಂಬಳಕಾಯಿಯನ್ನು ಐದು ಸಾವಿರಕ್ಕೆ ಕೂಗಿದವನೂ ನಾನೇ. ಎಲ್ಲರೂ ಚಪ್ಪಾಳೆ ಹೊಡೆದರು. ಎಡಗೈಗೆ ಗೊತ್ತಾಗದ ಹಾಗೆ ಕೊಡಬೇಕು ಅಂತ ಬೈಬಲ್ಲಿನ ಮತ್ತಾಯ 6ರಲ್ಲಿ ಓದಿದ್ದೆ, ಆದರೆ ಹರಾಜಿನಲ್ಲಿ ಅದು ನೆನಪಿಗೆ ಬರುವುದಿಲ್ಲ ನೋಡಿ.

2019ರಲ್ಲಿ ಸಭೆಯ ಹಿಂದಿನ ಹಾಲ್‌ಗೆ ಸೂರು ಹಾಕಿಸಬೇಕು ಅಂತ ತೀರ್ಮಾನ ಆಯಿತು. ಅದೇ ಹೊತ್ತಿಗೆ ಹಳೆಯ ಅಯ್ಯನವರಿಗೆ, ಅಂದರೆ ಸಭೆಯ ಪಾಸ್ಟರಿಗೆ, ವರ್ಗ ಆಗಿ ಹೊಸಬರು ಬಂದರು. ಸಭೆಯ ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಬೇಕಿತ್ತು, ಅಯ್ಯನವರದು ಮತ್ತು ನನ್ನದು. ಹೊಸ ಅಯ್ಯನವರ ಸಹಿ ಸೇರಿಸಲು ಕಮಿಟಿಯ ನಿರ್ಣಯ, ಆಧಾರ್, ಪ್ಯಾನ್, ಫೋಟೋ ಎಲ್ಲ ಕೊಡಬೇಕು. ಬ್ಯಾಂಕಿನವರು ಏನೋ ಒಂದು ಕಡಿಮೆ ಇದೆ ಅಂತ ವಾಪಸ್ ಕಳಿಸಿದರು. ನಾನು ಸೀಸನ್ ಗಲಾಟೆಯಲ್ಲಿ ಇದ್ದೆ, ಮತ್ತೆ ಹೋಗಲಿಲ್ಲ. ಮೇಸ್ತ್ರಿಗೆ ಮಾತ್ರ ಶನಿವಾರ ಬಂದರೆ ದುಡ್ಡು ಬೇಕು.

ಆಗ ಸಭೆಯವರಿಗೆ ಹೇಳಿದೆ: ಸೂರಿನ ದುಡ್ಡನ್ನು ಸದ್ಯಕ್ಕೆ ನನ್ನ ಅಕೌಂಟಿಗೆ ಹಾಕಿ, ಸಹಿ ಸರಿಯಾದ ಮೇಲೆ ಒಟ್ಟಿಗೆ ವರ್ಗಾಯಿಸುತ್ತೇನೆ. ಯಾರೂ ಬೇಡ ಅನ್ನಲಿಲ್ಲ. ಹತ್ತಿರ ಹತ್ತಿರ ಆರೂವರೆ ಲಕ್ಷ ಬಂತು.

ಇಲ್ಲೇ ಎಲ್ಲ ಕೆಟ್ಟಿದ್ದು. ಸ್ವಲ್ಪ ಉದ್ದ ಆದರೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇವತ್ತಿಗೂ ಕೆಲವರು ನಾನು ಕದ್ದೆ ಅಂತಾರೆ, ಇನ್ನು ಕೆಲವರು ಪಾಪ ಅವನೇನೂ ಮಾಡಿಲ್ಲ ಅಂತಾರೆ. ಎರಡೂ ಸರಿಯಲ್ಲ. ನಾನು ಒಂದು ರೂಪಾಯಿ ಕದಿಯಲಿಲ್ಲ. ಪ್ರತಿಯೊಬ್ಬರ ಹೆಸರು, ಮೊತ್ತ, ತಾರೀಖು ಡೈರಿಯಲ್ಲಿ ಇತ್ತು, ಈಗಲೂ ಇದೆ. ಆದರೆ ಡೈರಿಯಲ್ಲಿ ಬೇರೆ ಬೇರೆ ಇದ್ದ ದುಡ್ಡು ಅಕೌಂಟಿನಲ್ಲಿ ಒಂದೇ ಆಗಿತ್ತು. ರೈತನಿಗೆ ಆರ್‌ಟಿಜಿಎಸ್ ಮಾಡುವಾಗ ಇದು ಜೋಳದ ದುಡ್ಡು, ಇದು ಸೂರಿನ ದುಡ್ಡು ಅಂತ ಬ್ಯಾಂಕ್ ಕೇಳುವುದಿಲ್ಲ. ಅದಕ್ಕಿಂತ ಮುಖ್ಯ, ನಾನು ಮೊದಲು ನನ್ನ ದುಡ್ಡನ್ನೇ ಸಭೆಗೆ ಹಾಕಿದ್ದೆ. ಸಿಮೆಂಟಿಗೆ ಕಡಿಮೆ ಬಿತ್ತು, ಹಾಕಿದೆ. ಸೆಂಟ್ರಿಂಗ್‌ನವನು ಅಡ್ವಾನ್ಸ್ ಕೇಳಿದ, ಕೊಟ್ಟೆ. ಆಗ ತಲೆಯಲ್ಲಿ ಒಂದು ಲೆಕ್ಕ ಶುರುವಾಯಿತು: ಸಭೆ ನನಗೆ ಇಷ್ಟು ಕೊಡಬೇಕು, ನಾನು ಸಭೆಗೆ ಇಷ್ಟು ಕೊಡಬೇಕು, ಕೊನೆಗೆ ನೋಡಿಕೊಂಡರಾಯಿತು. ಸಭೆಗೆ ಸಾಲ ಕೊಟ್ಟವನಿಗೆ ಸಭೆಯ ದುಡ್ಡು ಮುಟ್ಟಲು ಭಯ ಇರುವುದಿಲ್ಲ. ನನ್ನದೇ ಅಲ್ವಾ ಅನಿಸುತ್ತದೆ. ಕಳ್ಳನಿಗೆ ಕೈ ಹಾಕುವಾಗ ಎದೆ ಹೊಡೆದುಕೊಳ್ಳುತ್ತದಂತೆ. ನನಗೆ ಹೊಡೆದುಕೊಳ್ಳಲೇ ಇಲ್ಲ.

ಕಮಿಟಿಯಲ್ಲಿ ಒಬ್ಬರು ರಿಟೈರ್ಡ್ ಟೀಚರಮ್ಮ ಇದ್ದರು. ಒಂದು ಮೀಟಿಂಗಿನಲ್ಲಿ "ಬ್ಯಾಂಕ್ ಸ್ಟೇಟ್‌ಮೆಂಟ್ ಒಂದ್ಸಲ ತೋರಿಸಪ್ಪ" ಅಂದರು. ನಾನು ನಗುತ್ತಲೇ "ಏನ್ ಟೀಚರಮ್ಮ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂದೆ. ಎಲ್ಲರೂ ನಕ್ಕರು. ಇನ್ನೊಬ್ಬ ಹಿರಿಯರು "ಅವರ ಎರಡು ಲಾರಿ ಮಾಲಿನಷ್ಟಿಲ್ಲ ನಮ್ಮ ಸೂರಿನ ದುಡ್ಡು, ಬಿಡಮ್ಮ" ಅಂದರು. ಅವರು ಸುಮ್ಮನಾದರು. ಮತ್ತೆ ಕೇಳಲಿಲ್ಲ. ಆವತ್ತು ತೋರಿಸಿದ್ದರೆ ಅವರು ಅಲ್ಲೇ ಪೆನ್ನಲ್ಲಿ ಗೆರೆ ಎಳೆದು, ಇದು ಬೇರೆ ಖಾತೆಗೆ ಹೋಗಬೇಕು ಅನ್ನುತ್ತಿದ್ದರು, ಮುಗಿದುಹೋಗುತ್ತಿತ್ತು.

2020ರ ಫೆಬ್ರವರಿ ನೆನಪಿದೆಯಾ? ಕೋಳಿ ತಿಂದರೆ ಕೊರೊನಾ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿತು. ಅದು ಸುಳ್ಳೇ, ಆದರೆ ಜನ ಕೋಳಿ ಕೊಳ್ಳುವುದು ಬಿಟ್ಟರು, ಕೆಲವು ಕಡೆ ಪುಕ್ಕಟೆ ಹಂಚಿದರು, ಮರಿಗಳನ್ನು ಹೂತರು. ಕೋಳಿ ಇಲ್ಲದ ಮೇಲೆ ಫೀಡ್ ಯಾರಿಗೆ, ಫೀಡ್ ಇಲ್ಲದ ಮೇಲೆ ಜೋಳ ಯಾರಿಗೆ? ಆ ವರ್ಷ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 1,760 ರೂಪಾಯಿ, ಮಾರುಕಟ್ಟೆ ಅದಕ್ಕಿಂತ ಕೆಳಗೆ ಇಳಿಯಿತು. ನಾನು ಕಳಿಸಿದ್ದ ನಾಲ್ಕು ಲಾರಿ ಮಾಲಿನ ದುಡ್ಡು, ಸುಮಾರು 20 ಲಕ್ಷ, ಕಂಪನಿಯಲ್ಲೇ ನಿಂತಿತು. ಇತ್ತ ರೈತರಿಗೆ ಕೊಡುವುದು ನಿಲ್ಲಿಸಲಿಲ್ಲ. ಅದು ನನ್ನ ಒಳ್ಳೆಯತನ ಅಂತ ಆಗ ಅಂದುಕೊಂಡಿದ್ದೆ. ಯಾರ ದುಡ್ಡಲ್ಲಿ ಕೊಡುತ್ತಿದ್ದೆ ಅಂತ ಈಗ ಹೇಳಬೇಕಿಲ್ಲ.

ಮಾರ್ಚ್ ಮೊದಲ ವಾರ ಕಬ್ಬಿಣದ ಅಂಗಡಿಯವರಿಗೆ ಸೂರಿನ ಬಾಬ್ತು ಕೊಟ್ಟಿದ್ದ ಚೆಕ್ ಬೌನ್ಸ್ ಆಯಿತು. 2,85,000 ರೂಪಾಯಿ. ಅವರು ಫೋನ್ ಮಾಡಿ "ಏನ್ರೀ ಸಾವ್ಕಾರ್ರೇ, ದೇವರ ಕೆಲಸದ ಚೆಕ್ಕೂ ವಾಪಸ್ ಬರ್ತದಾ?" ಅಂದರು. ಅವರು ಮನಸ್ಸು ಮಾಡಿದ್ದರೆ 138ನೇ ಸೆಕ್ಷನ್ ಪ್ರಕಾರ 30 ದಿನದೊಳಗೆ ನೋಟಿಸ್ ಕೊಟ್ಟು, ಅದಾಗಿ 15 ದಿನದಲ್ಲಿ ನಾನು ಕಟ್ಟದಿದ್ದರೆ ಕೋರ್ಟಿಗೆ ಎಳೆಯಬಹುದಿತ್ತು. ಎಳೆಯಲಿಲ್ಲ. ಆದರೆ ಮಂಡಿಪೇಟೆಯಲ್ಲಿ ಒಬ್ಬರಿಗೆ ಗೊತ್ತಾದರೆ ಸಂಜೆಗೆ ಊರಿಗೇ ಗೊತ್ತು.

ಅಷ್ಟರಲ್ಲಿ ಮಾರ್ಚ್ 25ಕ್ಕೆ ಲಾಕ್‌ಡೌನ್. ಸಭೆಗೆ ಬೀಗ. ಶುಭ ಶುಕ್ರವಾರ, ಈಸ್ಟರ್ ಎಲ್ಲ ಮನೆಯಲ್ಲೇ. ಎದುರು ನಿಂತು ಹೀಗಾಯಿತು ಅಂತ ಹೇಳಲು ಜಾಗವೇ ಇರಲಿಲ್ಲ. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಯೇಸುವಿಗೆ ದ್ರೋಹ ಮಾಡಿದ ಶಿಷ್ಯ ಯೂದನ ವಚನ ಹಾಕಿದರು, ಹಣದ ಚೀಲ ಅವನ ಹತ್ತಿರ ಇತ್ತು ಅನ್ನುವುದು. ಹೆಸರು ಹಾಕಲಿಲ್ಲ. ಬೇಕೂ ಇರಲಿಲ್ಲ. ಸಿಟ್ಟು ಬಂತು, ಆಮೇಲೆ ಅದೇ ಯೋಹಾನನ ಸುವಾರ್ತೆ ತೆಗೆದು ಪೂರ್ತಿ ಓದಿದೆ. ಕಡೇ ರಾತ್ರಿ ಯೂದ ಊಟದ ಮಧ್ಯೆ ಎದ್ದು ಹೊರಗೆ ಹೋದಾಗ ಉಳಿದವರು ಏನಂದುಕೊಂಡರು ಗೊತ್ತಾ? ಹಬ್ಬಕ್ಕೆ ಸಾಮಾನು ತರಲೋ, ಬಡವರಿಗೆ ಏನಾದರೂ ಕೊಡಲೋ ಹೋಗಿರಬೇಕು ಅಂತ. ಚೀಲ ಅವನ ಕೈಯಲ್ಲಿ ಇತ್ತಲ್ಲ, ಅದಕ್ಕೆ. ಅಲ್ಲೂ ಯಾರೂ ಲೆಕ್ಕ ಕೇಳಿದ ಹಾಗೆ ಕಾಣುವುದಿಲ್ಲ.

ಹದಡಿ ರಸ್ತೆ ಕಡೆ ಒಂದು ಸೈಟ್ ಇತ್ತು, ಮಗಳಿಗೆ ಅಂತ ಇಟ್ಟಿದ್ದು. ರಿಜಿಸ್ಟ್ರೇಷನ್ ಶುರುವಾದ ಮೇಲೆ ಸಿಕ್ಕ ರೇಟಿಗೆ ಮಾರಿ ಸಭೆಯ ದುಡ್ಡು ಪೂರ್ತಿ ಕಟ್ಟಿದೆ. ನಮ್ಮ ಮನೆಯವರು ಅದರ ಬಗ್ಗೆ ಇವತ್ತಿನವರೆಗೂ ಒಂದು ಮಾತು ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಅದೂ ಸಾಲದು ಅಂತ ಆಡಿಟರ್ ಬೇರೆ, ಅಕೌಂಟಿಗೆ ಬಂದ ಆರೂವರೆ ಲಕ್ಷ ಯಾರದು, ವಿವರಣೆ ಕೊಡದಿದ್ದರೆ ಆದಾಯ ತೆರಿಗೆಯವರು ನಿಮ್ಮ ಆದಾಯ ಅಂತಲೇ ಹಿಡಿಯುತ್ತಾರೆ ಅಂತ ಕೂರಿಸಿ ಬರೆಸಿಕೊಂಡರು.

ದುಡ್ಡು ಹೋಗಿದ್ದು ಅಷ್ಟು ನೋವಿಲ್ಲ. ಸಭೆಯಲ್ಲಿ ಒಬ್ಬ ಹುಡುಗ ಇದ್ದ. ಐಟಿಐ ಮುಗಿಸಿ ಹರಿಹರದ ಕಡೆ ಕೆಲಸಕ್ಕೆ ಸೇರಿದವನು ಮೊದಲ ಸಂಬಳ ಇದ್ದಿದ್ದು ಇದ್ದ ಹಾಗೆ ಕವರಿನಲ್ಲಿ ಹಾಕಿ ಸೂರಿಗೆ ಅಂತ ನನ್ನ ಕೈಗೆ ಕೊಟ್ಟಿದ್ದ. ಸಭೆ ಮತ್ತೆ ತೆರೆದಾಗ ಅವನು ಬರಲಿಲ್ಲ. ಈಗಲೂ ಬರುವುದಿಲ್ಲ, ಯಾವ ಸಭೆಗೂ ಹೋಗುವುದಿಲ್ಲವಂತೆ. ಅವನ ದುಡ್ಡು ಸೂರಿಗೇ ಹೋಗಿದೆ, ಸೂರು ಮೇಲೆ ನಿಂತಿದೆ. ಅದನ್ನು ಅವನಿಗೆ ಹೇಳಿ ಏನು ಪ್ರಯೋಜನ?

ಇನ್ನು ನಿಮ್ಮ ಹಿರಿಯರು ಹೇಳಿದ ವಚನ. ಲೂಕ 12:48. ಆ ಒಂದು ಸಾಲನ್ನು ಮಾತ್ರ ಕಿತ್ತುಕೊಂಡು ಬಂದಿದ್ದಾರೆ. ದಯವಿಟ್ಟು 42ರಿಂದ ಓದಿ. ಅಲ್ಲಿ ಯಜಮಾನ ಒಬ್ಬ ಮನೆವಾರ್ತೆಯವನನ್ನು ನೇಮಿಸುತ್ತಾನೆ. ಅವನ ಕೆಲಸ ಒಂದೇ, ಉಳಿದ ಆಳುಗಳಿಗೆ ಹೊತ್ತಿಗೆ ಸರಿಯಾಗಿ ಆಹಾರ ಅಳೆದು ಕೊಡುವುದು. ಯಜಮಾನ ಬರುವುದು ತಡ ಅಂತ ಆಳುಗಳನ್ನು ಹೊಡೆದು, ತಾನು ತಿಂದು ಕುಡಿದರೆ ಅವನ ಗತಿ ಏನು ಅನ್ನುವುದು ಅಲ್ಲಿನ ಮಾತು. ಯಾರಿಗೆ ಜಾಸ್ತಿ ಕೊಟ್ಟಿದೆಯೋ ಅವನಿಂದ ಜಾಸ್ತಿ ಕೇಳುವುದು ಅಂದರೆ ಇದು: ನಿನ್ನ ಕೈಕೆಳಗಿನವರಿಗೆ ಹೊತ್ತಿಗೆ ಸರಿಯಾಗಿ ಸಿಕ್ಕಿತಾ? ಕಮಿಟಿಯಲ್ಲಿ ಕುರ್ಚಿ ಸಿಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಾನು ಕುಂಬಳಕಾಯಿಗೆ ಐದು ಸಾವಿರ ಕೂಗಿದ ವಾರ ನನ್ನ ಗೋಡೌನಿನ ಹಮಾಲರ ಕೂಲಿ ಬಾಕಿ ಇತ್ತು. ಸೋಮವಾರ ನೋಡೋಣ ಅಂದಿದ್ದೆ. ಯಾಕೋಬನು ಐದನೇ ಅಧ್ಯಾಯದಲ್ಲಿ ತಡೆಹಿಡಿದ ಕೂಲಿ ಕೂಗುತ್ತದೆ ಅಂತ ಬರೆದಿದ್ದಾನೆ. ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

ದುಡ್ಡಿರುವವನು ಮುಂದಾಳು ಆಗಲು ಲಾಯಕ್ಕು ಅನ್ನುವುದು ಬೈಬಲ್ಲಿನ ಮಾತೇ ಅಲ್ಲ. ಅಪೊಸ್ತಲರ ಕೃತ್ಯಗಳು 6ರಲ್ಲಿ ವಿಧವೆಯರಿಗೆ ದಿನದ ಹಂಚಿಕೆ ಸರಿಯಾಗುತ್ತಿಲ್ಲ ಅಂತ ಗೊಣಗಾಟ ಎದ್ದಾಗ ಏಳು ಜನರನ್ನು ಆರಿಸಿದರು. ಒಳ್ಳೆಯ ಹೆಸರು, ಪವಿತ್ರಾತ್ಮ, ಜ್ಞಾನ ಇರಬೇಕು ಅಂದರು. ಆಸ್ತಿ ಎಷ್ಟಿದೆ ಅಂತ ಯಾರೂ ಕೇಳಲಿಲ್ಲ. ಅಪೊಸ್ತಲ ಪೌಲನನ್ನೇ ನೋಡಿ. ಯೆರೂಸಲೇಮಿನ ಬಡವರಿಗೆ ಅಂತ ಸಭೆಗಳಿಂದ ದುಡ್ಡು ಕೂಡಿಸಿದ. ತಾನೊಬ್ಬನೇ ಹೊತ್ತುಕೊಂಡು ಹೋಗಬಹುದಿತ್ತು, ಪೌಲನನ್ನು ಯಾರು ಅನುಮಾನಿಸುತ್ತಾರೆ? ಆದರೂ ತನ್ನ ಜೊತೆ ಕೆಲಸಗಾರ ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳಿಸಿದ. ಅದರಲ್ಲಿ ಒಬ್ಬನನ್ನು ಸಭೆಗಳೇ ಆರಿಸಿದ್ದವು. ಯಾಕೆ ಅಂತ 2 ಕೊರಿಂಥ 8ರಲ್ಲಿ ಅವನೇ ಹೇಳುತ್ತಾನೆ: ಈ ದುಡ್ಡಿನ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಸರಿ ಇದ್ದರೆ ಸಾಲದು, ಜನರ ಮುಂದೆಯೂ ಸರಿ ಇರಬೇಕು. ನಾನೋ, ದೇವರಿಗೆ ಗೊತ್ತು ಬಿಡಿ ಅಂತ ಓಡಾಡಿದವನು.

ನೀವು ಪ್ರಾಮಾಣಿಕರು ಅಂತಲೇ ಇಟ್ಟುಕೊಳ್ಳೋಣ. ತೊಂದರೆ ಇರುವುದೇ ಅಲ್ಲಿ. ಪ್ರಾಮಾಣಿಕ, ದುಡ್ಡಿರುವ, ಹರಾಜಿನಲ್ಲಿ ಜೋರಾಗಿ ಕೂಗುವ ಮನುಷ್ಯನನ್ನು ಸಭೆಯಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ. ಬಡ ಖಜಾಂಚಿಯನ್ನು ಪ್ರತಿ ವಾರ ಕೇಳುತ್ತಾರೆ. ನಮ್ಮಲ್ಲಿ ಈಗ ಖಜಾಂಚಿಯಾಗಿರುವವರು ಬಟ್ಟೆ ಹೊಲಿಯುವ ಒಬ್ಬ ಅಕ್ಕ. ಆರಾಧನೆ ಮುಗಿದ ತಕ್ಷಣ ಇಬ್ಬರು ಕೂತು ಎಣಿಸಿ ಇಬ್ಬರೂ ಸಹಿ ಹಾಕುತ್ತಾರೆ, ಸೋಮವಾರ ಬ್ಯಾಂಕಿಗೆ ಕಟ್ಟುತ್ತಾರೆ. ಒಂದು ಸಲ 40 ರೂಪಾಯಿ ವ್ಯತ್ಯಾಸ ಬಂತು ಅಂತ ಅರ್ಧ ಗಂಟೆ ಕೂರಿಸಿದರು. ನನಗೆ ಹೊಟ್ಟೆ ಹಸಿದಿತ್ತು, ಒಳಗೇ ಬೈದುಕೊಂಡೆ, ಆದರೆ ಎದ್ದು ಹೋಗಲಿಲ್ಲ.

ಷರತ್ತು ಅಂದೆನಲ್ಲ, ಅದು ಇಷ್ಟೇ. ನಿಮ್ಮನ್ನು ಕೇಳುವವರನ್ನು ನೀವೇ ಕಮಿಟಿಯಿಂದ ಬರಹದಲ್ಲಿ ನೇಮಿಸಿಕೊಳ್ಳಿ. ಅವರು ನಿಮ್ಮ ನೆಂಟರಾಗಿರಬಾರದು, ನಿಮ್ಮ ಹತ್ತಿರ ಸಾಲ ಮಾಡಿದವರೂ ಆಗಿರಬಾರದು. ಪ್ರತಿ ತಿಂಗಳು ಪಾಸ್‌ಬುಕ್ ಎಂಟ್ರಿ ಹಾಕಿಸಿ ಅವರ ಕೈಗೆ ಕೊಡಿ, ಕೇಳುವವರೆಗೂ ಕಾಯಬೇಡಿ. ಮತ್ತೆ ಸಭೆಗೆ ಕೈಯಿಂದ ದುಡ್ಡು ಹಾಕಬೇಡಿ. ಕೊಡುವುದಾದರೆ ಕಾಣಿಕೆ ಅಂತ ಕೊಟ್ಟು ಮರೆತುಬಿಡಿ, ಸಾಲ ಅಂತ ನೂರು ರೂಪಾಯಿಯೂ ಬೇಡ. ದುಡ್ಡು ಇಲ್ಲದಿದ್ದರೆ ಕೆಲಸ ನಿಲ್ಲಲಿ. ನಿಂತ ಕೆಲಸದಿಂದ ಯಾರ ವಿಶ್ವಾಸವೂ ಹೋಗುವುದಿಲ್ಲ. ಈ ಷರತ್ತಿಗೆ ಹಿರಿಯರು "ಅಯ್ಯೋ, ಅದೆಲ್ಲ ಯಾಕೆ, ನಿನ್ನನ್ನು ನಂಬ್ತೀವಿ" ಅಂದರೆ ಬೇಡ ಅಂತ ಹೇಳಿ ಎದ್ದು ಬನ್ನಿ.

ದಶಮಾಂಶ, ಅಂದರೆ ಹತ್ತರಲ್ಲಿ ಒಂದು ಪಾಲು, ಕೊಡುವುದು ಒಟ್ಟು ವ್ಯಾಪಾರದ ಮೇಲೋ ಲಾಭದ ಮೇಲೋ ಅಂತಲೂ ಕೇಳಿದ್ದೀರಿ. ಲಾಭದ ಮೇಲೆ. ಕೂಲಿ, ರೈತರ ಬಾಕಿ, ತೆರಿಗೆ ಎಲ್ಲ ಕೊಟ್ಟು ಉಳಿದಿದ್ದರಲ್ಲಿ. ಬೇರೆಯವರ ದುಡ್ಡಲ್ಲಿ ಕಾಣಿಕೆ ಹಾಕಿದ ಅನುಭವ ನನಗಿದೆ.

ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಸಭೆಯ ಬಾಗಿಲ ಹತ್ತಿರ ಫೋನ್‌ಪೇ ಸ್ಟಿಕ್ಕರ್ ಅಂಟಿಸಿದ್ದರೆ ಹತ್ತು ರೂಪಾಯಿ ಹಾಕಲು ಸ್ಕ್ಯಾನ್ ಮಾಡಿ, ಯಾರ ಹೆಸರು ಬರುತ್ತದೆ ನೋಡಿ. ಸಭೆಯ ಹೆಸರಿನ ಬದಲು ಯಾರೋ ಒಬ್ಬ ಮನುಷ್ಯನ ಹೆಸರು ಬಂದರೆ, ಖಜಾಂಚಿ ಆಗುವ ಮಾತು ಆಮೇಲೆ, ಮೊದಲು ಆ ಸ್ಟಿಕ್ಕರ್ ತೆಗೆಸಿ.